ಮಾವ ಆರಿಸಿದ ರೇಡಿಯೊ ಜೋಡಿ

ನಮ್ಮ ಮನೆಯ ಕೋಳಿಮೊಟ್ಟೆಗಳು ಈಗ ರೇಡಿಯೊ ಡಬ್ಬಿಯಲ್ಲಿ ವಾಸವಾಗಿವೆ. ಸೆಟ್ಟು ಅಲುಗಾಡದೆ ಮಲಗಲಿ ಅಂತ ಯಾರೋ ಎಂಜಿನಿಯರು ಸ್ಪಂಜಿನಲ್ಲಿ ನೀಟಾಗಿ ಕೊರೆದಿಟ್ಟ ಎರಡು ಗುಳಿಗಳಲ್ಲಿ ಮೂರು ಮೂರು ಮೊಟ್ಟೆ ಸಾಲಾಗಿ ಕೂರುತ್ತವೆ. ಅಮ್ಮನಿಗೆ ಅದರ ಮೇಲೆ ಬಹಳ ಪ್ರೀತಿ. 'ಒಂದಾರ ಒಡ್ದಿದ್ರೆ ಕೇಳು' ಅನ್ನುತ್ತಾಳೆ. ನನ್ನ ಹವ್ಯಾಸದಿಂದ ಮನೆಗೆ ಆದ ಉಪಕಾರ ಅಂತ ಅವಳು ಒಪ್ಪಿಕೊಂಡಿರುವುದು ಇದೊಂದನ್ನೇ. ಆ ಗುಳಿಗಳ ಪಕ್ಕದಲ್ಲಿ ಚಾರ್ಜರಿಗೆಂದು ಕೊರೆದ ಇನ್ನೊಂದು ಗುಳಿ ಇದೆ. ಅದು ನಮ್ಮ ಮನೆಗೆ ಬಂದ ದಿನವೂ ಖಾಲಿಯಾಗಿಯೇ ಇತ್ತು. ಯಾಕೆ ಖಾಲಿ ಇತ್ತು ಅಂತ ಹೇಳಲು ಹೊರಟರೆ ನಮ್ಮ ಮಹದೇವ ಮಾವನ ವಿಷಯ ಬರುತ್ತದೆ, ಮಾವನ ವಿಷಯ ಬಂದರೆ ಎತ್ತಿನ ವಿಷಯ ಬರುತ್ತದೆ. ನೀವು ಸ್ವಲ್ಪ ಸುಧಾರಿಸಿಕೊಂಡು ಕೂತರೆ ಎಲ್ಲ ಹೇಳುತ್ತೇನೆ.

ಮೊದಲು ನನ್ನ ಹುಚ್ಚು ಯಾವುದು ಅಂತ ಹೇಳಿಬಿಡುತ್ತೇನೆ. ನಾನು ಹ್ಯಾಮ್ ರೇಡಿಯೊದವಳು. ಅಂದರೆ ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡು, ಗಾಳಿಯಲ್ಲಿ ಮಾತಾಡುವ ಹವ್ಯಾಸಿಗಳ ಪೈಕಿ ಒಬ್ಬಳು. ಯಾರೂ ಕಲಿಸಿದ್ದಲ್ಲ, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತದ್ದು. ನಮ್ಮಂಥವರಿಗೆಂದೇ ಆಕಾಶದಲ್ಲಿ ಕೆಲವು ಪುಟಾಣಿ ಉಪಗ್ರಹಗಳು ಸುತ್ತುತ್ತಿರುತ್ತವೆ. ದೊಡ್ಡದೇನಲ್ಲ, ಕೆಲವು ನಮ್ಮ ಟಿಫಿನ್ ಕ್ಯಾರಿಯರಿನಷ್ಟೇ ಇರುತ್ತವೆ. ಕೆಳಗಿನಿಂದ ನಾವು ಒಂದು ಫ್ರೀಕ್ವೆನ್ಸಿಯಲ್ಲಿ ಮಾತಾಡಿದರೆ ಅದನ್ನು ಕೇಳಿಸಿಕೊಂಡು, ಆ ಕ್ಷಣವೇ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಕೆಳಕ್ಕೆ ಒಪ್ಪಿಸಿಬಿಡುತ್ತವೆ. ಚಾಡಿ ಹೇಳುವ ಮಗುವಿನ ಹಾಗೆ. ಅದು ನಮ್ಮ ತಲೆಯ ಮೇಲೆ ಒಂದು ದಿಕ್ಕಿನಿಂದ ಎದ್ದು ಇನ್ನೊಂದು ದಿಕ್ಕಿಗೆ ಮುಳುಗುವ ಹತ್ತು ನಿಮಿಷದಲ್ಲಿ ಯಾರು ಯಾರನ್ನು ಮಾತಾಡಿಸಬೇಕೋ ಮಾತಾಡಿಸಬೇಕು. ಅಷ್ಟೇ ಆಟ.

ಈ ಆಟಕ್ಕೆ ನನ್ನನ್ನು ಎಳೆದವಳು ಗೌರಿ. ಹುಣಸೂರಿನಲ್ಲಿ ಐಟಿಐ ಓದುವಾಗ ಒಂದೇ ಬೆಂಚು. ಅವಳದು ಎಚ್.ಡಿ. ಕೋಟೆ ಕಡೆ, ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಿಂದ ಇನ್ನೂ ಒಳಗೆ, ಕಾಡಂಚಿನಲ್ಲಿ ಗಿರಿಜನರ ಒಂದು ಹಾಡಿ. ಈಗ ಅಲ್ಲಿ ಸುತ್ತಮುತ್ತ ಪಂಪು, ವೈರಿಂಗು ಎಲ್ಲ ಅವಳೇ ರಿಪೇರಿ ಮಾಡುತ್ತಾಳೆ. ಲೈಸೆನ್ಸ್ ಪರೀಕ್ಷೆ ಇಬ್ಬರೂ ಒಟ್ಟಿಗೆ ಬರೆದೆವು, ಒಟ್ಟಿಗೆ ಪಾಸಾದೆವು. ಆದರೆ ಅವಳು ಶುಂಠಿ ಹೊಲದ ಕೂಲಿಯ ದುಡ್ಡು ಕೂಡಿಟ್ಟು ಮೊದಲು ಸಿಕ್ಕ ಸೆಟ್ಟು ತೆಗೆದುಕೊಂಡು ಉಪಗ್ರಹದಲ್ಲಿ ಮಾತಾಡಿಯೂ ಬಿಟ್ಟಳು. ನಾನು? ನಾನು ಆರಿಸುತ್ತಾ ಕೂತೆ.

ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಬಟ್ಟೆ ಅಂಗಡಿಯಲ್ಲಿ ನನ್ನ ಜೊತೆ ಹೋದ ಅಮ್ಮ ಅಲ್ಲಿಯೇ ಗೋಡೆಗೆ ಒರಗಿ ನಿದ್ದೆ ತೆಗೆದಿರುವುದುಂಟು. ಬೇಕಾದ್ದೇನೋ ಗೊತ್ತಿತ್ತು: ಮೇಜಿನ ಮೇಲೆ ಕೂರುವ ದೊಡ್ಡ ಟ್ರಾನ್ಸ್‌ಸೀವರು. ಮಾತಾಡುತ್ತಲೇ ಕೇಳಿಸಿಕೊಳ್ಳುವಂಥದ್ದು, ಎಲ್ಲ ಬಗೆಯ ಸಿಗ್ನಲ್ಲೂ ಹಿಡಿಯುವಂಥದ್ದು, ಮುಖ್ಯವಾಗಿ ಮಧ್ಯದಲ್ಲಿ ಒಂದು ದಪ್ಪ ಗುಂಡನೆಯ ತಿರುಗುಣಿ ಇರುವಂಥದ್ದು. ಆ ತಿರುಗುಣಿಯ ಮೇಲೆ ನನಗೆ ಎಷ್ಟು ಮೋಹ ಅಂದರೆ ಗ್ಯಾಸ್ ಒಲೆಯ ಗುಬುಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ಅಭ್ಯಾಸ ಮಾಡುತ್ತಿದ್ದೆ. ಹಾಲು ಎರಡು ಸಲ ಉಕ್ಕಿತು. ಈ ಮಾಡೆಲ್ಲೋ ಆ ಮಾಡೆಲ್ಲೋ, ಹೊಸದೋ ಹಳೆಯದೋ, ಅಂತ ರಾತ್ರಿಯೆಲ್ಲ ಲೆಕ್ಕ ಹಾಕಿ, ಬೆಳಗಾದರೆ ಇನ್ನೊಂದು ವಿಡಿಯೊ ನೋಡಿ ಮನಸ್ಸು ಬದಲಾಯಿಸುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಗೌರಿಯ ಫೋನು. ಅವಳ ಹಾಡಿಯಲ್ಲಿ ಟವರ್ ಇಲ್ಲ, ಹ್ಯಾಂಡ್‌ಪೋಸ್ಟಿಗೆ ಬಂದಾಗಲೇ ಮಾತು.

'ಏನೇ, ಸೆಟ್ ತಗಂಡ್ಯಾ?'

'ನೋಡ್ತಾ ಇದೀನಿ ಕಣೇ.'

'ನೋಡು, ನೋಡು. ಗಂಡು ನೋಡೋರೂ ಇಷ್ಟು ನೋಡಲ್ಲ. ಅಲ್ವೇ, ನಾನು ಇಲ್ಲಿ ಮಕ್ಳಿಗೆಲ್ಲಾ ಹೇಳ್ಬುಟ್ಟಿವ್ನಿ, ನನ್ನ ಫ್ರೆಂಡು ಮ್ಯಾಲಿಂದ ಮಾತಾಡ್ತಾಳೆ ಅಂತ. ಎರಡು ಭಾನುವಾರ ಸುತ್ತ ನಿಂತ್ಕೊಂಡು ಕಾದವು. ನಾನು ನಿನ್ನ ಕೂಗ್ತೀನಿ, ಕೂಗ್ತೀನಿ, ಯಾರೂ ಇಲ್ಲ. ಈಗ ನನ್ನ ಏನಂತ ಕರೀತವೆ ಗೊತ್ತಾ? ಸುಳ್ಳು ಗೌರಕ್ಕ!'

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

'ನಗ್ಬೇಡ. ಈ ಭಾನುವಾರ ನೀನು ಬರ್ಲಿಲ್ಲ ಅಂದ್ರೆ ನಾನು ಕೂಗೋದೇ ಬುಟ್ಬುಡ್ತೀನಿ. ಮಕ್ಳ ಮುಂದೆ ಮರ್ಯಾದೆ ಇಲ್ಲ ನಂಗೆ.'

ಫೋನು ಇಟ್ಟ ಮೇಲೆ ಕೂಡಿಟ್ಟ ದುಡ್ಡು ಎಣಿಸಿದೆ. ನನ್ನ ಹತ್ತಿರ ಇದ್ದ ದುಡ್ಡು ಒಂದು ಸಲದ ದುಡ್ಡು. ತಪ್ಪು ಸೆಟ್ಟು ತಂದರೆ ಮತ್ತೊಂದು ತರುವ ಯೋಗ ಯಾವಾಗಲೋ. ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಕೂಡ ಇರಲಿಲ್ಲ. ಕೆ.ಆರ್. ನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ರಂಗಸ್ವಾಮಿಯವರು ಹಳೆಯ ಹ್ಯಾಮು, ಅವರ ಹತ್ತಿರ ಕೆಲವು ಸೆಟ್ಟುಗಳು ಮಾರಾಟಕ್ಕಿವೆ ಅಂತ ಗೊತ್ತಿತ್ತು. ಹೋಗಲು ಬೈಕ್ ಬೇಕು, ಬೈಕ್ ಇರುವುದು ಮಾವನ ಹತ್ತಿರ. 'ಯಾಪಾರಕ್ಕೆ ಒಬ್ಳೇ ಓಯ್ತೀಯಾ? ನಾನೂ ಬತ್ತೀನಿ ನಡಿ' ಅಂದ ಮಾವ.

ಮಹದೇವ ಮಾವ ಅಮ್ಮನ ತಮ್ಮ. ಎತ್ತು ಕೊಡಿಸುವುದು, ಮಾರಿಸುವುದು ಅವನ ಕಸುಬು. ನಾನು ಚಿಕ್ಕವಳಿದ್ದಾಗ ಶಾಲೆಗೆ ರಜಾ ಇದ್ದರೆ ಮಾವನ ಹೆಗಲೇರಿ ದನದ ಸಂತೆಗೆ ಹೋಗುತ್ತಿದ್ದೆ. ಅಷ್ಟೆತ್ತರದಿಂದ ನೋಡಿದರೆ ಕೊಂಬುಗಳ ಒಂದು ಗದ್ದೆಯೇ ಕಾಣುತ್ತಿತ್ತು. ಮಾವ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ, ಬೆನ್ನ ಮೇಲಿನ ಸುಳಿ ನೋಡುತ್ತಿದ್ದ, ಬಾಲದ ಬುಡ ಹಿಡಿದು ಏನೋ ಯೋಚಿಸುತ್ತಿದ್ದ. ಆಮೇಲೆ ಮಾರುವವನೂ ಇವನೂ ಕೈ ಕೈ ಹಿಡಿದು ಮೇಲೊಂದು ಟವೆಲ್ ಹಾಕಿಕೊಳ್ಳುತ್ತಿದ್ದರು. ರೇಟೆಲ್ಲ ಟವೆಲಿನ ಕೆಳಗೆ ಬೆರಳಲ್ಲೇ. ಮೇಲೆ ನೋಡಿದರೆ ಇಬ್ಬರದೂ ಕಲ್ಲಿನಂಥ ಮುಖ, ಕೆಳಗೆ ಬಟ್ಟೆ ಮಾತ್ರ ಇಲಿ ಹೊಕ್ಕ ಹಾಗೆ ಮಿಸುಕಾಡುತ್ತಿತ್ತು. ಒಂದು ಸಲ ಏನಿದೆಯೋ ನೋಡೋಣ ಅಂತ ನಾನು ಟವೆಲ್ ಎತ್ತಿಬಿಟ್ಟೆ. ವ್ಯಾಪಾರ ಮುರಿಯಿತು. ಮಾವ ಬೈಯಲಿಲ್ಲ, ಬೆಲ್ಲದ ಮಿಠಾಯಿ ಕೊಡಿಸಲಿಲ್ಲ ಅಷ್ಟೇ. ಅದೇ ದೊಡ್ಡ ಶಿಕ್ಷೆ.

ರಂಗಸ್ವಾಮಿಯವರ ಅಂಗಡಿಯಲ್ಲಿ ತಾಮ್ರದ ತಂತಿಯ ಉರುಳೆಗಳ ಹಿಂದೆ ಆ ದೊಡ್ಡ ಸೆಟ್ಟು ಕೂತಿತ್ತು. ನನ್ನ ಕನಸಿನಲ್ಲಿ ಬಂದದ್ದೇ. ತಿರುಗುಣಿಯ ಮೇಲೆ ಬೆರಳಿಟ್ಟೆ, ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಲೋಕ ಮರೆತೆ. ಮಾವ ಅದನ್ನು ಎತ್ತಿ ನೋಡಿದ.

'ಏನ್ ಸ್ವಾಮಿ, ಒಳಗೆ ರಾಗಿ ತುಂಬಿದ್ದೀರಾ? ಇದ್ನ ಒತ್ಕೊಂಡು ಒಲ್ದಲ್ಲಿ ಸುತ್ತಕ್ಕಾದದಾ?'

'ಇದು ಸುತ್ತೋದಲ್ಲ ಮಹದೇವಪ್ಪ, ಕೂರ್ಸೋದು. ಇದಕ್ಕೆ ಬೇರೆ ಪವರ್ ಸಪ್ಲೈ ಬೇಕು' ಅಂದರು ರಂಗಸ್ವಾಮಿಯವರು.

'ಅಂಗಾರೆ ಇದು ಕಟ್ಟಾಕಿ ಮೇಯ್ಸೋ ಜಾತಿ.' ಮಾವ ಅದರ ಹಿಂದೆ ಹೋಗಿ ಬಗ್ಗಿ ನೋಡಿದ. ಬಾಲದ ಬುಡ ಹುಡುಕುತ್ತಿದ್ದನೋ ಏನೋ. ಆಮೇಲೆ ಪಕ್ಕದ ಕಪಾಟಿನಲ್ಲಿ ಅವನ ಕಣ್ಣು ಬಿತ್ತು. ಎರಡು ಕೈಸೆಟ್ಟುಗಳು, ಪೊಲೀಸರ ವಾಕಿಟಾಕಿಯಂಥವು. ಒಂದೇ ಎತ್ತರ, ಒಂದೇ ಬಣ್ಣ. 'ಇವು?'

'ಅವು ಒಟ್ಟಿಗೇ ತಗೊಂಡಿದ್ದು. ಬಿಡಿಸಿ ಕೊಡಲ್ಲ.'

'ಬುಡಿಸಬಾರ್ದು!' ಮಾವನ ಕಣ್ಣು ಹೊಳೆಯಿತು. 'ಜೋಡಿ ಬುಡಿಸಿದ್ರೆ ಒಳ್ಳೇದಲ್ಲ.'

ನಾನು ತಿರುಗುಣಿ ತಿರುಗಿಸುವುದರಲ್ಲಿದ್ದೆ. ಹೊರಳಿ ನೋಡುವಾಗ ಇಬ್ಬರೂ ಕೈ ಹಿಡಿದುಕೊಂಡಿದ್ದರು, ಮೇಲೆ ಮಾವನ ಟವೆಲ್. ರಂಗಸ್ವಾಮಿಯವರ ಅಪ್ಪನೂ ಎತ್ತು ಕಟ್ಟಿದವರೇ ಅಂತೆ, ಬೆರಳ ಭಾಷೆ ಮರೆತಿರಲಿಲ್ಲ. ಚಿಕ್ಕಂದಿನ ಪಾಠ ನೆನಪಿತ್ತು ನೋಡಿ, ಈ ಸಲ ನಾನು ಟವೆಲ್ ಮುಟ್ಟಲಿಲ್ಲ, ಬಾಯಿಯೂ ತೆರೆಯಲಿಲ್ಲ. ಮಾವ ಆ ದೊಡ್ಡ ಸೆಟ್ಟಿಗೇ ರೇಟು ಕುದುರಿಸುತ್ತಿದ್ದಾನೆ ಅಂತ ಮನಸ್ಸಿನಲ್ಲೇ ಕುಣಿಯುತ್ತಾ ನಿಂತೆ. ಟವೆಲ್ ಕೊಡವಿದ ಮಾವ ನನ್ನ ಕೈಗೆ ಡಬ್ಬಿ ಕೊಟ್ಟ. ಹಗುರವಾಗಿತ್ತು.

'ಮಾವ, ಇದಲ್ಲ! ಅದು!'

'ಆಗೋಯ್ತು ಕಣ್ ಕೂಸೇ. ಕೈ ಕೊಟ್ಟಾಯ್ತು.'

ಕೈ ಕೊಟ್ಟ ಮೇಲೆ ಹಿಂದೆ ಬರುವ ಮಾತೇ ಇಲ್ಲ. ಮಾವನ ಕಸುಬು ನಿಂತಿರುವುದೇ ಅದರ ಮೇಲೆ. ಹುಣಸೂರು ದಾಟುವವರೆಗೂ ನಾನು ಬೈಕಿನ ಹಿಂದೆ ಮುಖ ಊದಿಸಿಕೊಂಡು ಕೂತಿದ್ದೆ. ಮುಂದಿನ ದಾರಿಯಲ್ಲಿ ಮಾವ ಬೈಕ್ ನಿಲ್ಲಿಸಿ ಕಬ್ಬಿನ ಹಾಲು ಕುಡಿಸಿದ.

'ಒಂಟಿ ಎತ್ತು ಎಷ್ಟು ಚೆಂದ ಇದ್ರೇನು, ಉಳಕ್ಕಾದದಾ? ನೋಡ್ತಿರು ನೀನು.'

ಕಂಪಲಾಪುರದ ಹತ್ತಿರ ನಮ್ಮೂರು. ಮನೆಗೆ ಬಂದು ಡಬ್ಬಿ ಬಿಚ್ಚಿದೆ. ಸೆಟ್ಟುಗಳಿದ್ದವು. ಚಾರ್ಜರ್ ಇರಲಿಲ್ಲ. ಮೇಲಿನ ರಬ್ಬರ್ ಏರಿಯಲ್‌ಗಳನ್ನೂ ಯಾರೋ ತಿರುವಿ ತೆಗೆದಿದ್ದರು.

'ಮಾವ, ಚಾರ್ಜರೆಲ್ಲಿ?'

'ಆ ವೈರು, ಬಾಲ ಎಲ್ಲ? ನಾನೇ ಬೇಡ ಅಂದೆ. ಮಾರ್ದೋರ ಅಗ್ಗ ಮಾರ್ದೋರಿಗೇ. ನಾನು ಯಾವತ್ತೂ ಅವ್ರ ಅಗ್ಗದಲ್ಲಿ ಎತ್ತು ಒಡ್ಕೊಂಡು ಬಂದೋನಲ್ಲ. ಒಸ ಅಗ್ಗ ಒಸೆದ್ಕೊಂಡ್ರಾಯ್ತು.'

ಎತ್ತು ಮಾರಿದವನು ಮೂಗುದಾರ, ಹಗ್ಗ ಬಿಚ್ಚಿ ಇಟ್ಟುಕೊಳ್ಳುತ್ತಾನೆ, ಕೊಂಡವನು ತನ್ನ ಹಗ್ಗ ತರುತ್ತಾನೆ. ಇದು ಮಾವ ನಡೆಸಿಕೊಂಡು ಬಂದ ಪದ್ಧತಿ. ಚಾರ್ಜರಿಗೂ ಅದು ಅನ್ವಯಿಸುತ್ತದೆ ಅಂತ ನಾನು ಯಾವ ವಿಡಿಯೊದಲ್ಲೂ ನೋಡಿರಲಿಲ್ಲ. ರಂಗಸ್ವಾಮಿಯವರಿಗೆ ಫೋನು ಮಾಡಿದರೆ ಅವರೂ ನಕ್ಕರು. 'ನಿಮ್ಮ ಮಾವ ಪದ್ಧತಿ ಅಂದ್ರಮ್ಮ, ನಾನೂ ಇರ್ಲಿ ಅಂದೆ. ಸೋಮವಾರ ಬಾ, ಕೊಡ್ತೀನಿ. ನಾನು ಮದ್ವೆಗೆ ಅಂತ ಹೊರಟಿದ್ದೀನಿ.' ಸೋಮವಾರ! ನನಗೆ ಬೇಕಿದ್ದುದು ಭಾನುವಾರ. ಎರಡೂ ಸೆಟ್ಟಿನಲ್ಲಿ ಅರ್ಧ ಬ್ಯಾಟರಿ ಇತ್ತು. ಅದರಲ್ಲೇ ಆಗಬೇಕು.

ಏರಿಯಲ್ ಮಾತ್ರ ನನ್ನ ಕೈಯಲ್ಲಿತ್ತು. ಉಪಗ್ರಹಕ್ಕೆ ಆ ರಬ್ಬರ್ ಬಾಲ ಹೇಗೂ ಸಾಲುವುದಿಲ್ಲ, ಮೀನಿನ ಮುಳ್ಳಿನ ಆಕಾರದ್ದು ಬೇಕು. ನಾನು ಆಗಲೇ ಒಂದು ಮಾಡಿಟ್ಟಿದ್ದೆ. ಅಳತೆ ಟೇಪಿನ ಉಕ್ಕಿನ ಪಟ್ಟಿಯನ್ನು ತುಂಡು ಮಾಡಿ, ನಡುವೆ ಬೆನ್ನುಮೂಳೆಗೆ ಹೊಗೆಸೊಪ್ಪು ಕಟ್ಟುವ ಕಡ್ಡಿ. ನಮ್ಮ ಕಡೆ ಸೊಪ್ಪನ್ನು ಕಡ್ಡಿಗೆ ಪೋಣಿಸಿ ಬ್ಯಾರನ್ನು ಅನ್ನುವ ಬಿಸಿ ಕೋಣೆಯಲ್ಲಿ ನೇತುಹಾಕಿ ಬೇಯಿಸುತ್ತಾರಲ್ಲ, ಆ ಕಡ್ಡಿ. ವರ್ಷಾ ವರ್ಷಾ ಆ ಶಾಖದಲ್ಲಿ ಒಣಗಿ ಒಣಗಿ ಹಗುರ, ನೆಟ್ಟಗೆ, ಒಂದು ಹನಿ ತೇವ ಇಲ್ಲ. ಇದಕ್ಕಿಂತ ಒಳ್ಳೆಯ ಮರ ಪೇಟೆಯಲ್ಲಿ ಸಿಗುವುದಿಲ್ಲ. ವಾಸನೆ ಮಾತ್ರ ಕೈಯಿಂದ ಹೋಗುವುದಿಲ್ಲ. ಶುಕ್ರವಾರ ಇನ್ನೊಂದು ಟೇಪು ತಂದು ಎರಡನೆಯದನ್ನೂ ಕಟ್ಟಿದೆ. ಎರಡು ಸೆಟ್ಟು, ಎರಡು ಏರಿಯಲ್ಲು. ಕಟ್ಟುತ್ತಾ ಕಟ್ಟುತ್ತಾ ನನಗೆ ಒಂದು ವಿಷಯ ಹೊಳೆಯಿತು, ಹೊಳೆದು ಸ್ವಲ್ಪ ನಾಚಿಕೆಯೂ ಆಯಿತು. ಇಂಥ ಒಂದು ಕೈಸೆಟ್ಟು ಮಾತಾಡುವಾಗ ಕಿವಿ ಮುಚ್ಚಿಕೊಳ್ಳುತ್ತದೆ. ನನ್ನ ದನಿ ಉಪಗ್ರಹಕ್ಕೆ ಹತ್ತಿತೋ ಇಲ್ಲವೋ ತಿಳಿಯುವುದೇ ಇಲ್ಲ. ಎರಡಿದ್ದರೆ ಒಂದರಲ್ಲಿ ಮಾತು, ಇನ್ನೊಂದರಲ್ಲಿ ಕಿವಿ. ದೊಡ್ಡ ಸೆಟ್ಟನ್ನು ನಾನು ಬಯಸಿದ್ದಕ್ಕೆ ಇದ್ದ ಒಂದೇ ಒಳ್ಳೆಯ ಕಾರಣ ಇದು. ಉಳಿದದ್ದೆಲ್ಲ ತಿರುಗುಣಿ.

ಶನಿವಾರ ಬೆಳಗ್ಗೆ ಉಪಗ್ರಹ ಬರುವ ಹೊತ್ತಿಗೆ ಎರಡನ್ನೂ ಹಿಡಿದು ಹೊಲದಲ್ಲಿ ನಿಂತೆ. ಕೇಳುವ ಸೆಟ್ಟಿನಲ್ಲಿ ಯಾರೋ ದೂರದವರು ಹಿಂದಿಯಲ್ಲಿ ಮಾತಾಡುತ್ತಿದ್ದರು. ಎಷ್ಟು ಸ್ಪಷ್ಟ! ಮಾತಾಡುವ ಸೆಟ್ಟಿನ ಗುಂಡಿ ಒತ್ತಿದೆ. ಕೇಳುವ ಸೆಟ್ಟು ಉಸಿರು ನಿಂತ ಹಾಗೆ ಸುಮ್ಮನಾಯಿತು. ಬಿಟ್ಟೆ, ಮತ್ತೆ ಹಿಂದಿ. ಒತ್ತಿದೆ, ಮೌನ. ಪಕ್ಕದಲ್ಲೇ ಇರುವ ಸೆಟ್ಟಿನ ಅಬ್ಬರಕ್ಕೆ ಇದರ ಕಿವಿ ಕಿವುಡಾಗುತ್ತಿತ್ತು. ಉಪಗ್ರಹ ಮುಳುಗುವವರೆಗೂ ಇದೇ. ಬ್ಯಾಟರಿ ಬೇರೆ ಕಮ್ಮಿಯಾಯಿತು. ಅಳು ಬಂತು ಅಂತ ಹೇಳುವುದಿಲ್ಲ, ಆದರೆ ಬದುವಿನ ಮೇಲೆ ಕೂತು ಬಹಳ ಹೊತ್ತು ಮಣ್ಣು ಕೆದಕಿದೆ.

ಮಾವ ಬಂದು ಪಕ್ಕದಲ್ಲಿ ಕೂತ. ಎಲ್ಲ ಹೇಳಿದೆ.

'ಅಂದ್ರೆ ಒಂದು ಗುಟುರು ಆಕಿದ್ರೆ ಇನ್ನೊಂದು ಬೆದ್ರಿಕೊಳ್ತದೆ.'

'ಹೂಂ ಮಾವ, ಹಾಗೇ ಅನ್ನು.'

'ಒಸ ಜೋಡಿ ಕಣವ್ವ. ಒಂದೇ ಗೂಟಕ್ಕೆ ಕಟ್ಟಿದ್ರೆ ಆಯ್ದಾಡ್ತವೆ. ದೂರ ದೂರ ಕಟ್ಟು.'

ನಾನು ಮಣ್ಣು ಕೆದಕುವುದನ್ನು ನಿಲ್ಲಿಸಿದೆ. ಅವನು ಎತ್ತಿನ ವಿಷಯ ಹೇಳಿದ್ದ, ಅಷ್ಟೇ. ಆದರೆ ಕೇಳುವ ಸೆಟ್ಟು ಹೊಲದ ಆ ತುದಿಯಲ್ಲಿದ್ದರೆ ಈ ಅಬ್ಬರ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲವಲ್ಲ! ಹಾಗಾದರೆ ಆ ತುದಿಯಲ್ಲಿ ಹಿಡಿದುಕೊಂಡು ನಿಲ್ಲುವವರು ಯಾರು?

'ಮಾವ, ನಾಳೆ ಸಂಜೆ ನಿಂಗೆ ಕೆಲ್ಸ ಇದ್ಯಾ?'

ಮಾವನಿಗೆ ಟ್ರೈನಿಂಗ್ ಕೊಟ್ಟೆ. ಉಪಗ್ರಹ ಓಡುತ್ತಿರುತ್ತದೆ. ದೂರದಿಂದ ಹಾರನ್ ಹೊಡೆದುಕೊಂಡು ಬರುವ ಬಸ್ಸು ನಮ್ಮನ್ನು ದಾಟಿದ ಮೇಲೆ ಹಾರನ್ನಿನ ದನಿ ಇಳಿಯುತ್ತದಲ್ಲ, ಹಾಗೆ ಇದರ ಫ್ರೀಕ್ವೆನ್ಸಿಯೂ ಇಳಿಯುತ್ತಾ ಹೋಗುತ್ತದೆ. ದನಿ ಒಡೆಯಿತು ಅನ್ನಿಸಿದಾಗ ಕೆಳಗಿನ ಬಾಣದ ಗುಂಡಿ ಒತ್ತಬೇಕು.

'ಬಾಲ ತಿರುವೋದು ಅನ್ನು' ಅಂದ ಮಾವ. ಏರಿಯಲ್ಲನ್ನು ಆಕಾಶದಲ್ಲಿ ಮೆಲ್ಲಗೆ ತೇಲಿಸಿಕೊಂಡು ಹೋಗುವುದನ್ನು ಬೇಗ ಕಲಿತ. ಯಾವುದೇ ಕಾರಣಕ್ಕೂ ಅವನ ಸೆಟ್ಟಿನಲ್ಲಿ ಮಾತಾಡುವ ಗುಂಡಿ ಒತ್ತಕೂಡದು, ಅವನಿಗೆ ಲೈಸೆನ್ಸ್ ಇಲ್ಲ ಅಂದೆ. ಆ ಮಾತು ಮಾತ್ರ ಅವನಿಗೆ ಹಿಡಿಸಲಿಲ್ಲ. 'ಮಾತಾಡಕ್ಕೂ ಲೈಸೆನ್ಸಾ? ನಿಮ್ಮತ್ತೆಗೆ ಯಾರ್ ಕೊಟ್ರು?' ಅಂದ.

ಭಾನುವಾರ ಸಂಜೆ ಹೊತ್ತು ಇನ್ನೂ ಮುಳುಗಿರಲಿಲ್ಲ. ನಾನು ಹೊಲದ ಈ ತುದಿ, ಮಾವ ಆ ತುದಿ. ನಡುವೆ ಸೊಪ್ಪು ಮುರಿದು ಬರಿದಾದ ಗಿಡಗಳು. ಅಮ್ಮ ಬ್ಯಾರನ್ನಿನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. 'ಅಕ್ಕಪಕ್ಕದೋರು ನೋಡುದ್ರೆ ಏನಂದಾರು? ಇಬ್ರೂ ಒಂದೊಂದು ಮೀನ್ ಮುಳ್ಳು ಇಡ್ಕೊಂಡು!'

ಉಪಗ್ರಹ ಎದ್ದಿರಬೇಕಾದ ಹೊತ್ತಿಗೆ ಮಾವ ಕೂಗಿದ. 'ಬಂತು! ಉಸ್ಸಂತದೆ!'

ಗುಂಡಿ ಒತ್ತಿ, ಲೈಸೆನ್ಸಿನ ಜೊತೆ ಸಿಕ್ಕ ನನ್ನ ಕರೆಸಂಕೇತ ಹೇಳಿದೆ. ಬಿಟ್ಟೆ.

ಮಾವ ಕೇಳಿಸಲಿಲ್ಲ ಅಂತ ತಲೆ ಅಲ್ಲಾಡಿಸಿದ. ಮತ್ತೆ ಒತ್ತಿ ಹೇಳಿದೆ. ಈಗಲೂ ಅದೇ. ಮೂರನೇ ಸಲ ಏರಿಯಲ್ಲನ್ನು ಸ್ವಲ್ಪ ಹೊರಳಿಸಿ ಹೇಳುತ್ತಿದ್ದೆ, ಅಷ್ಟರಲ್ಲಿ ಆ ತುದಿಯಿಂದ ಒಂದು ಕಿರುಚು.

'ಅಯ್ಯಯ್ಯೋ, ನೀನು ಮ್ಯಾಲಿಂದ ಮಾತಾಡ್ತಾ ಇದ್ದೀಯಲ್ಲೇ!'

ನಾನು ಇನ್ನೂ ಗುಂಡಿ ಬಿಟ್ಟಿರಲಿಲ್ಲ. ಅವನ ಕಿರುಚು ನನ್ನ ಮೈಕಿಗೆ ಬಿದ್ದು, ಮೇಲೆ ಹೋಗಿ, ಅವನ ಕೈಯಲ್ಲಿದ್ದ ಸೆಟ್ಟಿಗೇ ವಾಪಸು ಬಂತು. 'ನಾನೂ ಬಂದೆ! ನಾನೂ ಬಂದೆ ಕಣಕ್ಕೋ!' ಅಂತ ಅಮ್ಮನ ಕಡೆ ತಿರುಗಿ ಕುಣಿದ. ಏರಿಯಲ್ಲು ನೆಲ ನೋಡಿತು.

'ಮಾವ, ಮೇಲೆ ಹಿಡಿ, ಮೇಲೆ!'

ಹಿಡಿದ. ಒಂದು ಕ್ಷಣ ಕಿವಿಗೊಟ್ಟು ನಿಂತ. ಆಮೇಲೆ ಅವನ ಮುಖ ಬದಲಾದದ್ದು ಅಷ್ಟು ದೂರಕ್ಕೂ ಕಂಡಿತು. 'ಯಾರೋ ಎಣ್ಣುಮಗು. ನಿನ್ನ ಎಸರು ಇಡ್ದು ಕೂಗ್ತಾವ್ಳೆ! "ಕೇಳ್ತಾ ಇದ್ಯಾ ನಂದಿನಿ, ಚೆನ್ನಾಗಿ ಕೇಳ್ತಾ ಇದ್ದೀಯೆ, ಕೋತಿ" ಅಂತವ್ಳೆ!'

ಗೌರಿ. ಬೆಳಗ್ಗೆ ಹೊರಟು ನಡುವೆ ಬಸ್ಸು ಬದಲಾಯಿಸಿದರೂ ಮಧ್ಯಾಹ್ನದೊಳಗೆ ಮುಟ್ಟಬಹುದಾದ ಹಾಡಿಯಿಂದ ಅವಳ ಮಾತು ಭೂಮಿ ಬಿಟ್ಟು ಹೋಗಿ, ಮೇಲೆ ಸುತ್ತುವ ಆ ಪುಟ್ಟ ಡಬ್ಬಿಯನ್ನು ಮುಟ್ಟಿ, ಮಾವನ ಕೈಗೆ ಇಳಿದು, ಮಾವನ ಗಂಟಲಿಂದ ನನಗೆ ಬಂತು. ನಿಯಮದ ಪ್ರಕಾರ ಮೊದಲು ಸಿಗ್ನಲ್ ಎಷ್ಟಿದೆ ಅಂತ ಹೇಳಬೇಕು, ಊರು ಹೇಳಬೇಕು. ಹೇಳಿದೆ. ಅವಳೂ ಹೇಳಿದಳು. ಮಾವ ಅವಳ ಕರೆಸಂಕೇತದ ಇಂಗ್ಲಿಷ್ ಅಕ್ಷರಗಳನ್ನು ಸಿಕ್ಕಂತೆ ಕೂಗಿದ. ನಡುವೆ ಆ ಹಿಂದಿಯವರೂ ಬಂದರು. ಇಬ್ಬರು ಹುಡುಗಿಯರ ಗಲಾಟೆ ಕೇಳಿ, ಮೊದಲು ನೀವು ಮುಗಿಸಿಕೊಳ್ಳಿ ಅಂತ ಏನೋ ಹೇಳಿ ಸರಿದರು. ಅಷ್ಟು ಹಿಂದಿ ಮಾವನಿಗೆ ಅರ್ಥವಾಗಿ ನನಗೂ ಕೂಗಿ ಹೇಳಿದ. 'ಒಳ್ಳೇ ಮನ್ಸ' ಅಂದ.

'ಈಗ ಏನಂತಾಳೆ ಮಾವ?'

'ತಾಳು! ಇಂದೆ ಮಕ್ಳು ಕಿರುಚ್ತಾವೆ. ಬೋ ಮಕ್ಳು! "ಗೌರಕ್ಕ, ಗೌರಕ್ಕ" ಅಂತ.' ದನಿ ಒಡೆಯುತ್ತಿತ್ತು ಅಂತ ಕಾಣುತ್ತೆ, ಮಾವ ನಾಲಿಗೆ ಕಚ್ಚಿ ಒಂದು ಸಲ ಗುಂಡಿ ಒತ್ತಿದ. 'ಅಂ, ಸರಿಯೋಯ್ತು. ಸುಳ್ಳು ಗೌರಕ್ಕ ಅನ್ನೋದು ಬುಟ್ಟವಂತೆ. ಮಕ್ಳ ಪರವಾಗಿ ಅವ್ಳು ಒಂದು ಪ್ರಶ್ನೆ ಕೇಳ್ತಾವ್ಳೆ. ಅಲ್ಲಿಂದ ನಮ್ಮ ಆಡಿ ಕಾಣ್ತದಾ ಅಂತ.'

'ಎಲ್ಲಿಂದ?'

'ಮ್ಯಾಲಿಂದ ಕಣೇ! ನೀನು ಮ್ಯಾಲಿದ್ದೀಯ ಅಂದ್ಕೊಂಡವೆ!'

ಉಪಗ್ರಹ ಆಗಲೇ ಇಳಿಯುತ್ತಿತ್ತು. ಬ್ಯಾಟರಿಯ ಕೊನೆಯ ಗೆರೆ ಮಿಣುಕುತ್ತಿತ್ತು. ಯೋಚಿಸಲು ಸಮಯವಿಲ್ಲ. ನಾನು ಓದಿದ ಹುಡುಗಿ, ಲೈಸೆನ್ಸ್ ಇರುವವಳು. ಗುಂಡಿ ಒತ್ತಿ, 'ನಾನು ಮೇಲಿಲ್ಲ ಮಕ್ಕಳೇ, ಇಲ್ಲೇ ಕಂಪಲಾಪುರದ ಹತ್ತಿರ ಹೊಗೆಸೊಪ್ಪಿನ ಹೊಲದಲ್ಲಿ ನಿಂತಿದ್ದೀನಿ' ಅಂದೆ.

ಮಾವ ಏರಿಯಲ್ಲನ್ನು ಕೊನೆಯವರೆಗೂ ಕೆಳಗೆ ಕೆಳಗೆ ಇಳಿಸುತ್ತಾ ಹೋದ. ಅದು ಮರಗಳ ತಲೆಗೆ ತಾಕಿದಾಗ ನಿಲ್ಲಿಸಿದ.

'ಏನಂದ್ರು?'

'ಎಲ್ಲ ಒಟ್ಟಿಗೆ "ಓ..." ಅಂದವು, ಉಬ್ಬಿಸಿದ ಬಲೂನು ಬುಟ್ಟಂಗೆ. ಆ ಗೌರಿ ಬಿದ್ದು ಬಿದ್ದು ನಗ್ತಾ ಇದ್ಲು. ಅಷ್ಟೇ, ಓಯ್ತು.' ಮಾವ ನನ್ನನ್ನೇ ದುರುಗುಟ್ಟಿ ನೋಡಿದ. 'ಅಲ್ವೇ, ಕಾಣ್ತದೆ ಅಂದಿದ್ರೆ ನಿನ್ನ ಗಂಟೇನಾರ ಓಯ್ತಿತ್ತಾ?'

'ಸುಳ್ಳು ಹೇಳ್ಬೇಕಿತ್ತಾ ಮಾವ? ಅವಳನ್ನ ಸುಳ್ಳು ಗೌರಕ್ಕ ಅಂದಿದ್ದು ಸಾಲದಾ?'

ಮಾವ ಆಕಾಶ ನೋಡಿದ. 'ಮತ್ತೆ ಬತ್ತದಾ ಅದು?'

'ಒಂದೂವರೆ ಗಂಟೇಲಿ ಒಂದು ಸುತ್ತು ಹಾಕ್ಕೊಂಡು ಬರುತ್ತೆ. ಈ ಸಲ ಪಡುವಣಕ್ಕೆ, ಸ್ವಲ್ಪ ತಗ್ಗಿನಲ್ಲಿ.'

'ಅಂಗಾರೆ ಕೂತ್ಕೋ. ಬ್ಯಾಟ್ರಿ ಆಫ್ ಮಾಡು.' ಅವನು ಆ ತುದಿಯ ಬದುವಿನ ಮೇಲೆ ಕೂತ. ಅಲ್ಲಿಂದಲೇ ಕೂಗಿದ. 'ನಿನ್ ಕಣ್ಗೆ ಏನ್ ಕಾಣ್ತದೋ ಅದ್ನೇ ಏಳು ಮಕ್ಳಿಗೆ. ಈಗ್ಲೇ ನೋಡಿಟ್ಕೋ.'

ನಾನೂ ಈ ತುದಿಯಲ್ಲಿ ಕೂತೆ. ಉಪಗ್ರಹ ಹೋಗಿದ್ದರೂ ನಮ್ಮಿಬ್ಬರಿಗೂ ಹತ್ತಿರ ಬಂದು ಕೂರುವ ಯೋಚನೆ ಬರಲಿಲ್ಲ. ನೋಡುತ್ತಾ ಹೋದೆ. ಬ್ಯಾರನ್ನಿನ ಚಿಮಣಿಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಅಮ್ಮನ ಕೋಳಿಗಳು ನುಗ್ಗೆಮರ ಹತ್ತಲು ಒಂದನ್ನೊಂದು ತಳ್ಳಾಡುತ್ತಿದ್ದವು. ಕೊಡಗಿನ ಕಡೆ ಬೆಟ್ಟದ ಮೇಲೆ ಮೋಡ ಕೂತಿತ್ತು. ರಸ್ತೆಯಲ್ಲಿ ಪಿರಿಯಾಪಟ್ಟಣದ ಬಸ್ಸು ಲೈಟ್ ಹಾಕಿಕೊಂಡು ಹೋಯಿತು. ಮತ್ತೆ ಹೊಲದ ಆ ತುದಿಯಲ್ಲಿ, ತಲೆಗೆ ಟವೆಲ್ ಸುತ್ತಿದ ಒಬ್ಬ ಮನುಷ್ಯ, ಉಳಿದ ಬ್ಯಾಟರಿ ತಣ್ಣಗಾದೀತು ಅಂತಲೋ ಏನೋ, ರೇಡಿಯೊವನ್ನು ಪಂಚೆಯ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಹೇಳಲಿಕ್ಕೆ ಬೇಕಾದಷ್ಟಿತ್ತು, ಹತ್ತು ನಿಮಿಷ ಸಾಲುತ್ತದೋ ಇಲ್ಲವೋ ಅನ್ನುವುದೊಂದೇ ಯೋಚನೆ.